ಪುಡಿಯಾಗದ ಬೂದಿ

ಬೀದಿಯವರಿಗೆಲ್ಲ ಅವರು ಕಡ್ಡಿ ಅಕ್ಕ. ಹೆಣಿಗೆಯ ಕಡ್ಡಿ ಹಿಡಿದವರು ಊರಲ್ಲಿ ಬೇಕಾದಷ್ಟು ಜನ ಇದ್ದರು. ಅಕ್ಕನಿಗೆ ಆ ಹೆಸರು ಬಂದದ್ದು ಬೆಂಕಿಕಡ್ಡಿಯಿಂದ. ಯಾರಾದರೂ ದಾರದ ಉಂಡೆ ತಂದು, "ಅಂಗಡಿಯವನು ಅಸಲಿ ಉಣ್ಣೆ ಅಂದ, ನೀವೇ ನೋಡಿ ಹೇಳಿ" ಎಂದರೆ ಸಾಕು. ಅಕ್ಕ ಒಂದು ಎಳೆ ತುಂಡು ಮಾಡಿ, ಕಡ್ಡಿ ಗೀರಿ, ತುದಿಗೆ ತಾಗಿಸಿ, ಹೊಗೆಯನ್ನು ಮೂಗಿನ ಹತ್ತಿರ ತರುತ್ತಿದ್ದರು. ಕೂದಲು ಸುಟ್ಟ ವಾಸನೆ ಬಂದರೆ ಉಣ್ಣೆ. ಪ್ಲಾಸ್ಟಿಕ್ ಸುಟ್ಟ ಘಾಟು ಹೊಡೆದರೆ ಅಕ್ರಿಲಿಕ್. ಅಂಗಡಿಯವರ ಬಾಯಲ್ಲಿ ಮಾತ್ರ ಎರಡಕ್ಕೂ ಒಂದೇ ಹೆಸರು, ಉಲ್ಲನ್. ಕುರಿಯ ಮುಖವನ್ನೇ ಕಾಣದೆ ಕಾರ್ಖಾನೆಯಲ್ಲಿ ಹುಟ್ಟಿದ ದಾರವೂ ಅವರಿಗೆ ಉಲ್ಲನ್ನೇ.

ಅಕ್ಕನಿಗೆ ಅಕ್ರಿಲಿಕ್ ಮೇಲೆ ಹಗೆಯೇನೂ ಇರಲಿಲ್ಲ. ಹಗುರ, ತೊಳೆಯುವುದಕ್ಕೆ ಸುಲಭ, ಹುಳ ಹತ್ತುವುದಿಲ್ಲ, ಬಣ್ಣವಂತೂ ಕಣ್ಣು ಕುಕ್ಕುವ ಹಾಗೆ. "ಆದ್ರೆ ಬೆಂಕಿ ಹತ್ರ ಮಾತ್ರ ಬಿಡಬೇಡಿ" ಎಂದು ಬಂದವರಿಗೆಲ್ಲ ಪಾಠ ಹೇಳುತ್ತಿದ್ದರು. ಕಿಡಿ ಬಿದ್ದರೆ ಉಣ್ಣೆ ಕರಕಲಾಗಿ ಉದುರುತ್ತದೆ. ಬೆರಳಲ್ಲಿ ತಿಕ್ಕಿದರೆ ಬೂದಿ ಪುಡಿಪುಡಿ. ಅಕ್ರಿಲಿಕ್ ಕರಗುತ್ತದೆ, ಚರ್ಮಕ್ಕೆ ಅಂಟಿಕೊಳ್ಳುತ್ತದೆ, ಆರಿದ ಮೇಲೆ ಕಪ್ಪು ಕಾಳಿನ ಹಾಗೆ ಗಟ್ಟಿಯಾಗುತ್ತದೆ. ಬೀದಿಗೆಲ್ಲ ಇದನ್ನು ಕಲಿಸಿದವರೇ ಅಕ್ಕ. ಅದಕ್ಕೇ ಮುಂದೆ ನಡೆದದ್ದಕ್ಕೆ ಅವರಿಗೆ ಯಾವ ನೆಪವೂ ಉಳಿಯಲಿಲ್ಲ.

ಎರಡು ವರ್ಷದ ಹಿಂದೆ ಒಂದು ಕೆಟ್ಟ ಜ್ವರ ಬಂದು ಹೋಯಿತು. ಹೋಗುವಾಗ ಅಕ್ಕನ ಮೂಗಿನ ಶಕ್ತಿಯನ್ನೂ ಕಟ್ಟಿಕೊಂಡು ಹೋಯಿತು. ಜೊತೆಯಲ್ಲೇ ಇದ್ದ ತಂಗಿಗೆ ಇದು ಗೊತ್ತಾದದ್ದು, ಒಲೆಯ ಮೇಲೆ ಹಾಲು ಸೀದು ಪಾತ್ರೆ ಕಪ್ಪಾಗುತ್ತಿದ್ದರೂ ಅಕ್ಕ ಪಕ್ಕದಲ್ಲೇ ನಿಂತು ತರಕಾರಿ ಹೆಚ್ಚುತ್ತಿದ್ದ ದಿನ.

"ಅಯ್ಯೋ, ಮೂಗಿದ್ದೂ ಇಲ್ಲದ ಹಾಗಾಯ್ತಲ್ಲೇ! ಜನಕ್ಕೆ ಹೇಳ್ಬಿಡು. ಇನ್ಮೇಲೆ ಬೂದಿ ತಿಕ್ಕಿ ನೋಡ್ತೀನಿ ಅಂದ್ರಾಯ್ತು" ಎಂದಳು ತಂಗಿ.

"ಬೂದಿ ಯಾರು ಬೇಕಾದ್ರೂ ತಿಕ್ತಾರೆ. ನನ್ನ ಹತ್ರ ಯಾಕೆ ಬರ್ತಾರೆ?"

ಜಂಬ ಅಂದರೆ ಇದು. ಮೂಗಿಗಿಂತ ಮೂಗುತಿ ಭಾರವಾಗಿತ್ತು. ಅಂದಿನಿಂದ ಅಕ್ಕ ಹೊಗೆ ಮೂಸುವ ನಾಟಕ ಆಡಿ, ಮೇಜಿನ ಕೆಳಗೆ ಕದ್ದು ಬೂದಿ ತಿಕ್ಕಿ, ಆಮೇಲೆ ತೀರ್ಪು ಕೊಡತೊಡಗಿದರು. ತೀರ್ಪು ಒಮ್ಮೆಯೂ ತಪ್ಪಲಿಲ್ಲ. ತಪ್ಪದೇ ಇದ್ದದ್ದೇ ದೊಡ್ಡ ಕೇಡಾಯಿತು.

ಒಂದು ಬೆಳಿಗ್ಗೆ ಬೀದಿಯ ಕೊನೆಯ ಶೆಡ್ಡಿನ ವೆಲ್ಡರ್ ಬೂದು ಬಣ್ಣದ ನಾಲ್ಕು ಉಂಡೆ ತಂದ. ಶೆಡ್ಡಿನಲ್ಲಿ ಚಳಿ, ಕತ್ತಿಗೆ ಮಫ್ಲರ್ ಬೇಕು, ಕಿಡಿ ಹಾರುವ ಜಾಗ, ಅಸಲಿ ಉಣ್ಣೆಯೇ ಆಗಬೇಕು. ಅಂಗಡಿಯವನು ಆಣೆ ಮಾಡಿ ಹೇಳಿದ್ದಾನೆ. ಆಗ ಅಕ್ಕನ ಮುಂದಿನ ಕೋಣೆಯಲ್ಲಿ ಹೆಣಿಗೆ ಕಲಿಯಲು ಬಂದ ಐದಾರು ಹೆಂಗಸರು ಕೂತಿದ್ದರು.

"ಆಣೆ ಗೀಣೆ ಎಲ್ಲ ಬಿಡು. ನಮ್ಮ ಅಕ್ಕನ ಮೂಗು ಏನನ್ನುತ್ತೆ ಕೇಳು" ಎಂದಳು ಒಬ್ಬಳು. ಎಲ್ಲರೂ ನಕ್ಕು ಅಕ್ಕನ ಕಡೆ ನೋಡಿದರು.

ಹೊಗಳಿಕೆ ತಲೆಗೇರಿತು. ಅಕ್ಕ ಕಡ್ಡಿ ಗೀರಿದರು, ಹೊಗೆ ಎಳೆದರು, ಕಣ್ಣು ಮುಚ್ಚಿ ತಲೆದೂಗಿದರು. ಬೂದಿ ಮುಟ್ಟುವ ಮೊದಲೇ ಬಾಯಿ ಹೇಳಿಬಿಟ್ಟಿತ್ತು: "ಅಪ್ಪಟ ಉಣ್ಣೆ!"

ಹೆಬ್ಬೆರಳು ಎಳೆಯ ತುದಿಗೆ ಹೋದದ್ದು ಆಮೇಲೆ. ಅಲ್ಲೊಂದು ಕಾಳು. ಒತ್ತಿದರು. ಪುಡಿಯಾಗಲಿಲ್ಲ. ಇನ್ನಷ್ಟು ಒತ್ತಿದರು. ಉಗುರಿಗೆ ನೋವಾಯಿತು, ಕಾಳಿಗೇನೂ ಆಗಲಿಲ್ಲ.

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎನ್ನುತ್ತಾರೆ. ಆದರೂ ಆ ಕ್ಷಣ ಕೈಯಲ್ಲೇ ಇತ್ತು. "ತಡಿಯಪ್ಪಾ, ತಪ್ಪಾಯ್ತು" ಎಂದಿದ್ದರೆ ಎರಡು ದಿನದ ನಗೆಪಾಟಲು, ಅಷ್ಟೇ. ಅಕ್ಕ ಆ ಕಾಳನ್ನು ಕುರ್ಚಿಯ ಕೆಳಗೆ ಚಿಮ್ಮಿಬಿಟ್ಟರು.

ಮಫ್ಲರ್ ಹೆಣೆಯಲು ಎಂಟು ದಿನ ಹಿಡಿಯಿತು. ಪ್ರತಿ ಸಾಲಿಗೂ ಈಗ ಹೇಳಲೇ, ನಾಳೆ ಹೇಳಲೇ ಎಂದುಕೊಂಡರು. ತಂಗಿ ಬೇರೆ ಯಾವುದೋ ಮಾತಿಗೆ "ಏನೇ ಮುಚ್ಚಿಡ್ತಿದ್ದೀಯ?" ಎಂದಾಗ ಕುಂಬಳಕಾಯಿ ಕಳ್ಳನ ಹಾಗೆ ಬೆಚ್ಚಿ ನಾಲ್ಕು ಕುಣಿಕೆ ಜಾರಿಸಿಕೊಂಡರು. ವೆಲ್ಡರ್ ಕಿಡಿಗೆ ಅಷ್ಟು ಹತ್ತಿರ ಕೂರುತ್ತಾನೆಯೇ, ಮುಖಕ್ಕೆ ಮುಸುಕು ಇರುತ್ತದಲ್ಲ, ಎಂದು ತಮಗೆ ತಾವೇ ವಕೀಲಿ ಮಾಡಿಕೊಂಡರು. ಒಂಬತ್ತನೆಯ ದಿನ ಅವನು ಬಂದು, ಕತ್ತಿಗೆ ಸುತ್ತಿಕೊಂಡು, "ಅಮ್ಮ ತಬ್ಬಿಕೊಂಡ ಹಾಗಿದೆ ಅಕ್ಕ" ಎಂದು ಹೋದ. ಅಕ್ಕನಿಗೆ ಅವನ ಮುಖ ನೋಡಲಾಗಲಿಲ್ಲ.

ಮೂರನೇ ವಾರ ಅವನು ಮತ್ತೆ ಬಂದ. ಕತ್ತಿನ ಎಡಗಡೆ ಕಿವಿಯ ಕೆಳಗಿನಿಂದ ಭುಜದವರೆಗೆ ಬಿಳಿ ಪಟ್ಟಿ. ತಲೆ ತಿರುಗಿಸಲಾಗದೆ ಮೈಯನ್ನೇ ತಿರುಗಿಸಿ ಕೂತ. ಚೀಲದಿಂದ ಮಫ್ಲರ್ ತೆಗೆದು ಮೇಜಿನ ಮೇಲಿಟ್ಟ. ನಡುವೆ ಅಂಗೈಯಗಲದ ತೂತು, ಅಂಚೆಲ್ಲ ಕಪ್ಪು, ಗಟ್ಟಿ, ಮಿರಮಿರ.

"ಬೈಬೇಡಿ ಅಕ್ಕ. ಇಷ್ಟು ಚೆನ್ನಾಗಿ ಹೆಣೆದು ಕೊಟ್ರಿ, ನಾನೇ ಹಾಳು ಮಾಡ್ಕೊಂಡೆ" ಎಂದ. "ಎಲ್ಲೋ ಎಣ್ಣೆ ಗಿಣ್ಣೆ ತಾಗಿಸಿರ್ಬೇಕು. ಇಲ್ಲಾಂದ್ರೆ ಉಣ್ಣೆ ಹೀಗೆ ಅಂಟುತ್ತಾ? ಆಸ್ಪತ್ರೇಲಿ ಚಿಮಟ ಹಾಕಿ ಕಿತ್ರು. ಅಲ್ಲಿನ ಡಾಕ್ಟ್ರು ಇದು ಉಣ್ಣೆ ಅಲ್ಲ ಅಂದ್ರು, ನಾನು ಜಗಳಾನೇ ಆಡಿದೆ. ಕಡ್ಡಿ ಅಕ್ಕ ಹೇಳಿದ ಮೇಲೆ ಮುಗೀತು ಅಂದೆ. ಉಳಿದ ದಾರ ತಂದಿದ್ದೀನಿ, ತೇಪೆ ಹಾಕಿ ಕೊಡ್ತೀರಾ?"

ಸುಟ್ಟುಕೊಂಡವನು ಕ್ಷಮೆ ಕೇಳುತ್ತಿದ್ದ. ಭೂಮಿ ಬಾಯಿ ಬಿಡಬಾರದೇ ಎನಿಸಿತು ಅಕ್ಕನಿಗೆ. ಅವನು ಬೈದಿದ್ದರೆ, ಮಫ್ಲರನ್ನು ಮುಖದ ಮೇಲೆ ಎಸೆದಿದ್ದರೆ ಉಸಿರಾದರೂ ಆಡುತ್ತಿತ್ತು.

ಬೆಂಕಿಪೊಟ್ಟಣ ತೆಗೆದರು. ಎರಡು ಕಡ್ಡಿ ಮುರಿದವು, ಮೂರನೆಯದು ಹತ್ತಿತು. ಉಳಿದ ದಾರದ ಎಳೆ ಸುಟ್ಟು, ಆರಿಸಿ, ತುದಿಯ ಕಾಳನ್ನು ಕಿತ್ತು ಅವನ ಅಂಗೈಯಲ್ಲಿಟ್ಟರು.

"ಒತ್ತು."

ಒತ್ತಿದ. ಒಡೆಯಲಿಲ್ಲ.

"ಅಕ್ರಿಲಿಕ್ ಕಣಪ್ಪಾ. ಅವತ್ತೂ ಹೀಗೇ ಇತ್ತು. ನನ್ನ ಬೆರಳಿಗೆ ಅವತ್ತೇ ಗೊತ್ತಾಯ್ತು. ಜನರ ಮುಂದೆ ಹೇಳಿದ ಮಾತು ನುಂಗೋಕೆ ನಾಚಿಕೆಯಾಯ್ತು ನಂಗೆ, ಅದಕ್ಕೇ ಸುಮ್ಮನಿದ್ದೆ."

ವೆಲ್ಡರ್ ಕಾಳನ್ನೇ ನೋಡುತ್ತ ಕೂತ. ಕೂಗುತ್ತಾನೆ ಎಂದು ಅಕ್ಕ ಕಾದರು. ಅವನ ಮುಖದ ಬಣ್ಣ ಇಳಿಯಿತು.

"ಅಕ್ಕಾ... ನಮ್ಮ ಶೆಡ್ಡಲ್ಲಿ ಇನ್ನೂ ನಾಲ್ಕು ಜನ ಅದೇ ಅಂಗಡಿ ದಾರ ತಗೊಂಡ್ರು. ಅವರವರ ಮನೇಲೇ ಹೆಣೆಸಿದ್ರು. ಈಗ್ಲೂ ಕತ್ತಿಗೆ ಹಾಕ್ಕೊಂಡೇ ಕೂತಿದ್ದಾರೆ. ನೀವು ಹೇಳಿದ್ರಿ ಅಂತ ನಾನೇ ಹೇಳ್ದೆ."

ಅಕ್ಕ ಚಪ್ಪಲಿಯನ್ನೂ ಮೆಟ್ಟಲಿಲ್ಲ. ಬೆಂಕಿಪೊಟ್ಟಣ ಕೈಯಲ್ಲಿ ಹಾಗೇ ಇತ್ತು. ಬೀದಿಯ ಕೊನೆಯವರೆಗೆ ಅವರು ಓಡಿದ್ದನ್ನು ಕಂಡವರು ಮನೆಗೆ ಬೆಂಕಿ ಬಿತ್ತೇನೋ ಎಂದುಕೊಂಡರು.

ಶೆಡ್ಡಿನಲ್ಲಿ ನೀಲಿ ಬೆಳಕು, ಕಿಡಿ, ಕಬ್ಬಿಣ ಕೊರೆಯುವ ಸದ್ದು. "ನಿಲ್ಸಿ! ಮಫ್ಲರ್ ತೆಗೀರಿ!" ಎಂದು ಅಕ್ಕ ಕೂಗಿದರು. ಯಂತ್ರಗಳು ಒಂದೊಂದಾಗಿ ನಿಂತವು. ಮುಸುಕು ಮೇಲೆತ್ತಿ ನಾಲ್ವರು ಇವರನ್ನೇ ನೋಡಿದರು.

"ಅದು ಉಣ್ಣೆಯಲ್ಲ. ನಾನು ಸುಳ್ಳು ಹೇಳಿದ್ದೆ. ಎರಡು ವರ್ಷದಿಂದ ನಂಗೆ ವಾಸನೇನೇ ಬರಲ್ಲ."

ನಾಲ್ವರೂ ಮಫ್ಲರ್ ಬಿಚ್ಚಿ ಬೆಂಚಿನ ಮೇಲಿಟ್ಟರು. ಅವರಲ್ಲಿ ಹಿರಿಯನೊಬ್ಬ ತನ್ನ ಕೈಗವಸು ತೆಗೆದು ತೋರಿಸಿದ.

"ಇದೂ ಉಲ್ಲನ್ನೇ ಅಂದ್ರು ಅಕ್ಕ. ಸ್ವಲ್ಪ ನೋಡಿ ಹೇಳ್ತೀರಾ?"

ಅವನು ಅಣಕಿಸುತ್ತಿರಲಿಲ್ಲ. ಅಷ್ಟಾದ ಮೇಲೂ ನಿಜವಾಗಿಯೇ ಕೇಳುತ್ತಿದ್ದ. ಅಕ್ಕ ತಲೆ ಎತ್ತಲಾರದೆ ಬೆಂಕಿಪೊಟ್ಟಣವನ್ನು ಅವನ ಕೈಗೆ ಕೊಟ್ಟರು.

"ನೀವೇ ಸುಟ್ಟು, ನೀವೇ ಒತ್ತಿ ನೋಡಿ. ಪುಡಿಯಾದ್ರೆ ಮಾತ್ರ ಹಾಕ್ಕೊಳ್ಳಿ. ನನ್ನ ಮಾತು ಕೇಳಬೇಡಿ."