ಚಂಚಿಯೊಳಗಿನ ಪೈಪ್ ತಂಬಾಕು

ನಮ್ಮಪ್ಪ ಯಾರನ್ನೂ ನಂಬುತ್ತಿರಲಿಲ್ಲ. ಇಂಡಿ ತಾಲೂಕಿನಲ್ಲಿ ಜಮೀನು ಅಳೆಯುವ ನೌಕರಿ ಅವನದು. ಹೊಲದ ಗಡಿಯ ಬಾಂದುಗಲ್ಲನ್ನು ಕದ್ದು ಸರಿಸುವವರ ನಡುವೆ ಬದುಕಿದವನಿಗೆ ಆ ಗುಣ ಬಂದದ್ದರಲ್ಲಿ ಆಶ್ಚರ್ಯವೇನಿಲ್ಲ. ನನಗೂ ಅದು ಬಳುವಳಿಯಾಗಿ ಬಂದಿದೆ. ಹಾಲಿನವಳು ತುಸು ಹೆಚ್ಚು ನಕ್ಕರೆ ಇವತ್ತಿಗೂ ಹಾಲಿಗೆ ಬೆರಳು ಅದ್ದಿ ನೋಡುತ್ತೇನೆ.

ಊರವರೆಲ್ಲ ಬೀಡಿ ಸೇದುತ್ತಿದ್ದರೆ ಅಪ್ಪನೊಬ್ಬ ಪೈಪ್ ಸೇದುತ್ತಿದ್ದ. ಹಳೆಯ ಸಾಹೇಬನೊಬ್ಬ ಹತ್ತಿಸಿ ಹೋದ ಚಟ. ತಂಬಾಕು ಪುಣೆಯಿಂದ ಬರಬೇಕು, ಒಣಗದಂತೆ ಗಾಜಿನ ಬರಣಿಯಲ್ಲಿರಬೇಕು. ಒಮ್ಮೆ ಸಿಂದಗಿಗೆ ಹೋಗುವ ಬಸ್ಸಿನಲ್ಲಿ ಬರಣಿ ಒಡೆದು, ಗಾಜಿನ ಚೂರು ಬೆರೆತ ತಂಬಾಕನ್ನೆಲ್ಲ ಚೆಲ್ಲಬೇಕಾಯಿತು. ಪಕ್ಕದಲ್ಲಿ ಕೂತವನು ಬೇಕಂತಲೇ ಮೊಣಕೈ ತಾಗಿಸಿದ ಎಂದು ಅಪ್ಪ ಸಾಯುವ ತನಕ ಹೇಳುತ್ತಿದ್ದ. ಆಮೇಲೆ ತಗಡಿನ ಡಬ್ಬಿ ತಂದ. ನಮ್ಮ ಬಿಸಿಲಿಗೆ ಡಬ್ಬಿ ಕಾದು ತಂಬಾಕು ನಶ್ಯದ ಹಾಗೆ ಪುಡಿಯಾಯಿತು.

ಅಷ್ಟರಲ್ಲಿ ನನಗೊಂದು ಸಂಬಂಧ ಕೂಡಿಬಂತು. ಹುಡುಗ ಬಸವನ ಬಾಗೇವಾಡಿ ಕಡೆಯ ಮಾಸ್ತರ. ಏಳನೆಯ ಇಯತ್ತೆಯ ಮುಲ್ಕಿ ಪರೀಕ್ಷೆ ಪಾಸಾಗಿದ್ದ ನನ್ನನ್ನು ಮದುವೆಯ ನಂತರವೂ ಓದಿಸುತ್ತೇನೆ ಎಂದು ಹೇಳಿಕಳಿಸಿದ್ದ. ಹಾಗೆ ಹೇಳಿದ ಗಂಡು ಅವನೊಬ್ಬನೇ. ಈ ಸಂಬಂಧ ಆಗಲೇಬೇಕು ಎಂದು ನಾನು ಮನಸ್ಸಿನಲ್ಲೇ ಹಟ ಹಿಡಿದಿದ್ದೆ. ಎರಡೂ ಕಡೆಯವರಿಗೆ ಅನುಕೂಲವೆಂದು ಮುದ್ದೇಬಿಹಾಳದ ಸೋದರತ್ತೆಯ ಮನೆಯಲ್ಲಿ ಹೆಣ್ಣು ನೋಡುವುದೆಂದಾಯಿತು.

ಪ್ರಯಾಣಕ್ಕೆ ಮೂರು ದಿನ ಮೊದಲೇ ಅಪ್ಪ ಹೊಸ ಉಪಾಯ ಹೂಡಿದ. ಎಲೆ ಅಡಿಕೆಯ ಬಟ್ಟೆಯ ಚಂಚಿಗೆ ಒಳಗಡೆ ಮೇಣಬಟ್ಟೆ ಹೊಲಿಸಿದ. ಗುಡಗುಡಿಯ ತಂಬಾಕಿಗೆ ಬೆಲ್ಲ ಕೂಡಿಸುತ್ತಾರಲ್ಲ, ಅದಕ್ಕೇ ಅದು ಒಣಗುವುದಿಲ್ಲ ಎಂದು ತಾನೇ ತರ್ಕ ಮಾಡಿ, ಒದ್ದೆ ಬೆಲ್ಲದ ಉಂಡೆಯೊಂದನ್ನು ತಂಬಾಕಿನ ನಡುವೆ ಇಟ್ಟು ಬಿಗಿದು ಕಟ್ಟಿದ. ಸಿಂದಗಿಯಲ್ಲಿ ಬಸ್ಸು ಬದಲಿಸಿ ಮುದ್ದೇಬಿಹಾಳ ಮುಟ್ಟುವ ತನಕ ಅದನ್ನು ಕಂಕುಳಿಂದ ಬಿಡಲಿಲ್ಲ. ಸೆಕೆಯಲ್ಲಿ ಬೆಲ್ಲ ಹುಳಿಯಿತು. ಬೀಗರಾಗುವವರು ಬಂದು ಕೂಡುವ ಹೊತ್ತಿಗೆ ಚಂಚಿ ಸಾರಾಯಿಯ ವಾಸನೆ ಹೊಡೆಯುತ್ತಿತ್ತು. ಅದು ನಮ್ಮ ಭಾಗದಲ್ಲಿ ಪಾನನಿಷೇಧವಿದ್ದ ಕಾಲ. ಕುಡಿದವನನ್ನಷ್ಟೇ ಅಲ್ಲ, ಇಟ್ಟುಕೊಂಡವನನ್ನೂ ಹಿಡಿಯುತ್ತಿದ್ದರು.

ನಮ್ಮ ಕಡೆ ಹಿರಿಯರು ಮಾತಿಗೆ ಕೂತರೆ ಚಂಚಿ ಬಿಚ್ಚಿ ನಡುವೆ ಇಡಬೇಕು. ಯಾರ ಚಂಚಿಗೆ ಯಾರು ಬೇಕಾದರೂ ಕೈ ಹಾಕಬಹುದು. ಮುಚ್ಚಿಟ್ಟುಕೊಂಡರೆ ಮನಸ್ಸಿನಲ್ಲಿ ಏನೋ ಇದೆ ಎಂದೇ ಅರ್ಥ. ಹುಡುಗನ ದೊಡ್ಡಪ್ಪ ತನ್ನ ಚಂಚಿ ಬಿಚ್ಚಿಟ್ಟು ಅಪ್ಪನ ಕಡೆ ನೋಡಿದ. ಪುಣೆಯ ತಂಬಾಕನ್ನು ಇವರು ಸುಣ್ಣ ತಿಕ್ಕಿ ದವಡೆಗೆ ಒತ್ತಿಕೊಳ್ಳುತ್ತಾರೆಂಬ ಭಯಕ್ಕೆ ಅಪ್ಪ ತನ್ನದನ್ನು ತೊಡೆಯ ಕೆಳಗೆ ಸರಿಸಿದ. ದೊಡ್ಡಪ್ಪನ ಮೂಗು ಅರಳಿತು. ಹುಡುಗ ತಲೆ ತಗ್ಗಿಸಿ ಚಾಪೆಯ ಎಳೆ ಕೀಳತೊಡಗಿದ. ಅವರು ಏನೆಂದುಕೊಂಡರು ಎಂಬುದು ಬಾಗಿಲ ಮರೆಯಲ್ಲಿದ್ದ ನನಗೆ ಗೊತ್ತಾಯಿತು. ಅಪ್ಪನಿಗೆ ಮಾತ್ರ ಗೊತ್ತಾಗಲಿಲ್ಲ. ಅವನು ದೊಡ್ಡಪ್ಪನ ಕೈಯನ್ನೇ ಕಾಯುತ್ತಿದ್ದ.

ನನಗೆ ತಡೆಯಲಾಗಲಿಲ್ಲ. ಹೊರಗೆ ಬಂದು ಅಪ್ಪನ ತೊಡೆಯ ಕೆಳಗಿಂದ ಚಂಚಿ ಎಳೆದು, ಗಂಟು ಬಿಚ್ಚಿ ದೊಡ್ಡಪ್ಪನ ಮುಂದೆ ಇಟ್ಟೆ. ಆತ ಮೂಸಿದ, ಚಿಟಿಕೆ ತೆಗೆದು ತಿಕ್ಕಿ ನೋಡಿದ, ಹುಳಿತ ಬೆಲ್ಲವನ್ನು ಬೆರಳಿಂದ ಒತ್ತಿದ. ಬರೀ ತಂಬಾಕು ಎಂದು ಒಪ್ಪಿಕೊಂಡ. ಅತ್ತೆ ನಿರಾಳವಾಗಿ ಚಹಾಕ್ಕೆ ಎದ್ದಳು. ನನಗೂ ಜೀವ ಬಂದಂತಾಯಿತು.

ಆದರೆ ದೊಡ್ಡಪ್ಪನ ಕಣ್ಣುಗಳು ಚಂಚಿಯನ್ನು ಬಿಟ್ಟು ನನ್ನ ಮೇಲೆ ನಿಂತವು. "ಹಡದಪ್ಪಂದ ಹಿಂಗ ಮಂದಿ ಮುಂದ ತಂದಿಟ್ಟಾಕಿ, ನಾಳೆ ನಮ್ಮನಿ ಗುಟ್ಟು ಇಟಗೊಂತಿಯೇನವಾ?"

ಸುಮ್ಮನಿರಬೇಕಿತ್ತು ಎಂದು ಅತ್ತೆ ಆಮೇಲೆ ಬೈದಳು. ನಾನು ಅವನ ಮುಖ ನೋಡಿಯೇ ಹೇಳಿದೆ: "ಗುಟ್ಟು ಇದ್ದಿದ್ರ ಮುಚ್ಚತಿದ್ನಿರಿ. ಏನೂ ಇಲ್ಲಂತನ ತಂದಿಟ್ಟೀನ್ರಿ."

ಆತ ತನ್ನ ಚಂಚಿಯನ್ನು ಸುತ್ತಿಕೊಂಡ. "ಅಂದ್ರ ಮುಚ್ಚಾಕೂ ಬರ್ತೈತಿ ನಿನಗ," ಎಂದು ಎದ್ದ. ಬಂದವರೆಲ್ಲ ಅವನ ಹಿಂದೆ ಎದ್ದರು. ಒಲೆಯ ಮೇಲೆ ಚಹಾ ಕುದಿಯುತ್ತಿತ್ತು. ನನಗೆ ಅಳುವಿಗಿಂತ ಸಿಟ್ಟು ಹೆಚ್ಚು ಬಂತು, ಆ ಮುದುಕನ ಮೇಲಲ್ಲ. ಓದಿಸುತ್ತೇನೆ ಎಂದಿದ್ದ ಮಾಸ್ತರ ಒಂದು ಮಾತೂ ಆಡದೆ ಬಾಗಿಲಲ್ಲಿ ತನ್ನ ಚಪ್ಪಲಿ ಹುಡುಕುತ್ತಿದ್ದ.