ಬಣ್ಣದ ಕೆಲಸ ಕಲಿಯಲು ಹೋದಾಗ

ಗಂಡ ಸತ್ತ ಮೇಲೆ ಅವನ ಕೆಲಸವನ್ನೇ ಕಲಿಯುತ್ತೇನೆ ಎಂದು ನಾನು ಹೊರಟಾಗ, ಅದಕ್ಕೆ ಹೂಂ ಅಂದವನು ನನ್ನ ಅಣ್ಣ ಒಬ್ಬನೇ. ನಮ್ಮದು ಮಳವಳ್ಳಿ ತಾಲ್ಲೂಕಿನ ಒಂದು ಹಳ್ಳಿ. ಅಣ್ಣನೂ ನನ್ನ ಗಂಡನೂ ಪೇಂಟರುಗಳು, ಜೊತೆಯಲ್ಲೇ ಕೆಲಸಕ್ಕೆ ಹೋಗುತ್ತಿದ್ದವರು. ಅಣ್ಣ ಒಬ್ಬ ಮೇಸ್ತ್ರಿಯ ಹಿಂದೆ ಡಬ್ಬ ಹೊತ್ತು ಕಲಿತಿದ್ದ. ನನ್ನ ಗಂಡ ಅಣ್ಣನನ್ನು ನೋಡಿ ಕಲಿತ. ಈ ಕೆಲಸಕ್ಕೂ ಪಾಠ, ಪರೀಕ್ಷೆ, ಸರ್ಟಿಫಿಕೇಟು ಇರುತ್ತದೆ ಎನ್ನುವುದು ಇಬ್ಬರಿಗೂ ಗೊತ್ತಿರಲಿಲ್ಲ.

ನನ್ನ ಗಂಡ ಬಿದ್ದದ್ದು ಮದ್ದೂರಿನಲ್ಲಿ. ಒಂದು ಎತ್ತರದ ಮನೆಯ ಹೊರಗೋಡೆ. ತಾರಸಿಯಿಂದ ಹಗ್ಗದಲ್ಲಿ ಇಳಿಬಿಟ್ಟ ಹಲಗೆಯ ಮೇಲೆ ಕೂತು ಬಣ್ಣ ಹೊಡೆಯುತ್ತಿದ್ದ. ಮಂಡ್ಯದ ಆಸ್ಪತ್ರೆಗೆ ಸಾಗಿಸಿದರು, ಸಂಜೆಗೆ ಜೀವ ಹೋಯಿತು. "ಕುಡಿದು ಹತ್ತಿದ್ದ, ಜೋಲಿ ತಪ್ಪಿತು" ಎಂದು ಮನೆಯ ಯಜಮಾನ ಎಲ್ಲರ ಮುಂದೆ ಹೇಳಿದ. ಅಣ್ಣ ಅಲ್ಲೇ ನಿಂತಿದ್ದ, ತಲೆ ಎತ್ತಲಿಲ್ಲ. ನನ್ನ ಗಂಡ ಸಂಜೆ ಹೊತ್ತು ಕುಡಿಯುತ್ತಿದ್ದುದು ನಿಜ. ಹಾಗಾಗಿ ಊರು ನಂಬಿತು. ನಾನೂ ನಂಬಿದೆ. ಅತ್ತೆಯಂತೂ ಮಗನ ಫೋಟೋಗೆ ಹೂವಿಡುವಾಗಲೂ, "ಕುಡ್ದು ಸತ್ತೆಲ್ಲೋ ಮುಂಡೇದೇ" ಎಂದು ಬೈದುಕೊಂಡೇ ಇಡುತ್ತಿದ್ದರು.

ಮಂಡ್ಯದಲ್ಲಿ ಹೆಂಗಸರಿಗೂ ಪೇಂಟಿಂಗ್ ತರಬೇತಿ ಕೊಡುತ್ತಾರೆ ಎಂಬ ಸುದ್ದಿ ತಂದವನು ಅಣ್ಣನೇ. ಎಂಟನೇ ಕ್ಲಾಸು ಓದಿದ್ದರೆ ಸಾಕಿತ್ತು. ನಾನು ಎಸ್ಸೆಸ್ಸೆಲ್ಸಿ ಪಾಸಾಗಿದ್ದೆ. "ಓಗವ್ವ, ಕಲ್ತ್ಕೊ. ಒಳಗಡೆ ಗೋಡೆ ಕೆಲ್ಸಕ್ಕೆ ಎಂಗಸ್ರು ಸಿಕ್ಕುದ್ರೆ ಮನೆಯೋರೂ ಒಪ್ತಾರೆ" ಅಂದ. ಬೆಳಿಗ್ಗೆ ಬಸ್ಸಿಗೂ ಅವನೇ ಹತ್ತಿಸುತ್ತಿದ್ದ.

ಮೊದಲ ದಿನ ಟರ್ಪೆಂಟೈನ್ ಡಬ್ಬದ ಮುಚ್ಚಳ ತೆಗೆದಾಗ ನನ್ನ ಗಂಡನ ಅಂಗಿಯ ವಾಸನೆ ಬಂತು. ಒಗೆದು ಒಗೆದು ನನ್ನ ಕೈಗೂ ಅಂಟುತ್ತಿದ್ದ ವಾಸನೆ. ಹೊರಗೆ ಬಂದು ನಲ್ಲಿಯ ಹತ್ತಿರ ಸುಮ್ಮನೆ ನಿಂತೆ. ಆಮೇಲೆ ಅಭ್ಯಾಸವಾಯಿತು. ಬಹಳ ದಿನ ನಮಗೆ ಬಣ್ಣವನ್ನೇ ಮುಟ್ಟಿಸಲಿಲ್ಲ. ಹಳೆಯ ಸುಣ್ಣ ಕೆರೆಯುವುದು, ಬಿರುಕಿಗೆ ಪುಟ್ಟಿ ತುಂಬುವುದು, ಉಪ್ಪುಕಾಗದದಲ್ಲಿ ಉಜ್ಜುವುದು. ಮೂಗಿಗೆ ಬಟ್ಟೆ ಕಟ್ಟಿಕೊಂಡರೂ ಊಟದ ಡಬ್ಬಿ ಬಿಚ್ಚಿದಾಗ ಬಾಯಲ್ಲಿ ಧೂಳೇ ಸಿಗುತ್ತಿತ್ತು. ಕಲಿಸುವ ಮೇಷ್ಟ್ರು ಮೈಸೂರಿನ ಕಡೆಯವರು, ವಯಸ್ಸಾದವರು, ಎಂದೂ ಗದರಿದವರಲ್ಲ.

ಎತ್ತರದ ಕೆಲಸದ ಪಾಠ ಬಂದ ದಿನ ಅವರು ನಮ್ಮನ್ನು ತಾರಸಿಗೆ ಕರೆದುಕೊಂಡು ಹೋದರು. ಸೊಂಟಕ್ಕೂ ತೊಡೆಗೂ ಬಿಗಿಯುವ ಬೆಲ್ಟು ತೋರಿಸಿದರು. ಹಲಗೆಗೆ ಒಂದು ಹಗ್ಗ, ಬೆಲ್ಟಿಗೆ ಬೇರೆಯದೇ ಹಗ್ಗ, ಎರಡನ್ನೂ ಒಂದೇ ಕಡೆ ಕಟ್ಟಬಾರದು ಅಂದರು. ಆಮೇಲೆ ತಾರಸಿಯ ಮೋಟುಗೋಡೆಯ ಅಂಚಿಗೆ ಗೋಣಿಚೀಲ ಮಡಿಸಿ ಹಾಕಿ, ಅದರ ಮೇಲೆ ಹಗ್ಗ ಇಳಿಬಿಟ್ಟರು.

"ಈ ಚೀಲ ಯಾಕೆ ಸಾರ್?" ಅಂತ ಕೇಳಿದೆ.

"ಹಲಗೆ ಆ ಕಡೆ ಈ ಕಡೆ ತೂಗುತ್ತಲ್ಲಮ್ಮ, ಆಗ ಸಿಮೆಂಟಿನ ಅಂಚು ಹಗ್ಗಾನ ತಿಂದುಬಿಡುತ್ತೆ. ಕೂತವನಿಗೆ ಗೊತ್ತೇ ಆಗಲ್ಲ."

ನನ್ನ ಗಂಡನಿಗೆ ಬೆಲ್ಟು ಇರಲಿಲ್ಲ. ಹಲಗೆಯ ಹಗ್ಗವನ್ನು ಕಟ್ಟುತ್ತಿದ್ದವನು ಯಾವಾಗಲೂ ಅಣ್ಣ. ಆ ದಿನ ಉಳಿದ ಪಾಠ ಏನಾಯಿತೋ ನನ್ನ ತಲೆಗೆ ಹೋಗಲಿಲ್ಲ.

ಬಸ್ಸಿಳಿದಾಗ ಅಣ್ಣ ಸ್ಟ್ಯಾಂಡಿನಲ್ಲೇ ಕಾಯುತ್ತಿದ್ದ. "ಏನ್ ಯೋಳ್ಕೊಟ್ರವ್ವ ಇವತ್ತು?" ಎಂದು ಎಂದಿನಂತೆ ಕೇಳಿದ. ಗೋಣಿಚೀಲದ ವಿಷಯ ಹೇಳಿದೆ. ಅವನು ಮುಖ ಆಚೆ ತಿರುಗಿಸಿದ.

"ಅಣ್ಣ, ಆವತ್ತು ಅಗ್ಗ ತುಂಡಾಗಿತ್ತಾ?"

ಹೆಗಲ ಮೇಲಿನ ಟವಲ್ಲು ತೆಗೆದು ಮುಖ ಒರೆಸಿಕೊಂಡ. ಆಮೇಲೆ, "ಊಂ" ಅಂದ.

"ಅವ್ರು ಕುಡ್ದಿದ್ರಾ?"

"ಇಲ್ಲ ಕಣವ್ವ. ಇಬ್ರೂ ಟೀ ಕುಡ್ದು ತಾರ್ಸಿಗೆ ಹತ್ತಿದ್ದು."

"ಮತ್ಯಾಕೆ ಯೋಳ್ನಿಲ್ಲ ನೀನು?"

"ಅಗ್ಗ ಕಟ್ದೋನು ನಾನಲ್ವಾ? ನಮ್ ಮೇಸ್ತ್ರಿ ಅಂಗೇ ಕಟ್ತಿದ್ದ, ನಾನೂ ಅಂಗೇ ಕಟ್ದೆ. ಚೀಲ ಆಕ್ಬೇಕು ಅಂತ ಯಾರೂ ಯೋಳಿರ್ನಿಲ್ಲ. ಆ ಯಜಮಾನ ಕುಡ್ದಿದ್ದ ಅಂದಾಗ ನಂಗೆ ಬಾಯೇ ಬರ್ನಿಲ್ಲ. ಆಮೇಕೆ ನೀನೂ ನಂಬ್ಬುಟ್ಟೆ."

ಕೊನೆಯ ಮಾತು ಕೇಳಿ ನನಗೆ ಅವನನ್ನು ಹೊಡೆಯಬೇಕು ಅನ್ನಿಸಿತು. ಗೊತ್ತಿಲ್ಲದೆ ಕಟ್ಟಿದ್ದನ್ನು ಹೇಗೋ ನುಂಗಿಕೊಳ್ಳಬಹುದಿತ್ತು. ಆದರೆ ಸತ್ತವನನ್ನು ಕುಡುಕ ಎಂದು ಮನೆಯವರೇ ಬೈಯುತ್ತಿದ್ದಾಗ, ಇವನು ನಮ್ಮ ಜಗಲಿಯ ಮೇಲೆ ಕೂತು ಅದನ್ನು ಕೇಳಿಸಿಕೊಳ್ಳುತ್ತಿದ್ದನಲ್ಲ. "ಬಾ, ನಮ್ಮತ್ತೆಗೆ ಯೋಳು" ಅಂದೆ. ಬರುವುದಿಲ್ಲ ಎನ್ನುತ್ತಾನೆ ಅಂದುಕೊಂಡಿದ್ದೆ. ಬಂದ.

ಅತ್ತೆ ಅವರೆಕಾಯಿ ಸುಲಿಯುತ್ತಿದ್ದರು. ಅಣ್ಣ ಎದುರಿಗೆ ಕುಕ್ಕರಗಾಲಲ್ಲಿ ಕೂತು ಎಲ್ಲವನ್ನೂ ಹೇಳಿದ. ನೀನು ನನ್ನ ಮಗನನ್ನು ಕೊಂದೆ ಎಂದು ಅವರು ಮಣ್ಣು ತೂರುತ್ತಾರೆ ಅಂತ ನಾನು ಬಾಗಿಲಲ್ಲೇ ನಿಂತಿದ್ದೆ. ಅವರು ಹಗ್ಗದ ವಿಷಯವನ್ನು ಕೇಳಿಸಿಕೊಂಡ ಹಾಗೇ ಕಾಣಲಿಲ್ಲ.

"ಅಂಗಾರೆ ನನ್ ಮಗ ಕುಡ್ದಿರ್ನಿಲ್ವಾ?"

"ಇಲ್ಲ ಕಣತ್ತೆ."

"ದಿಟ್ವಾ?"

"ದಿಟ."

ಅದನ್ನೇ ಮತ್ತೆ ಮತ್ತೆ ಕೇಳಿದರು. ಅಣ್ಣ ಎದ್ದು ಹೋದ ಮೇಲೆ ನನ್ನನ್ನೂ ಕೇಳಿದರು. ಆಮೇಲೆ ತಮ್ಮ ಬಾಯಿಗೆ ತಾವೇ ಹೊಡೆದುಕೊಳ್ಳತೊಡಗಿದರು. "ಈ ಬಾಯಲ್ಲೇ ಬೈದ್ನಲ್ಲಪ್ಪಾ" ಎನ್ನುತ್ತ ಎರಡೂ ಕೈಯಲ್ಲಿ. ಹಿಡಿದುಕೊಳ್ಳುವಷ್ಟರಲ್ಲಿ ತುಟಿ ಒಡೆದಿತ್ತು. ಸತ್ಯ ಗೊತ್ತಾದರೆ ಅವರಿಗೆ ಸಮಾಧಾನವಾಗುತ್ತದೆ ಎಂದು ನಾನು ಎಣಿಸಿದ್ದೆ. ನಮ್ಮ ಮನೆಯಲ್ಲಿ ಸಮಾಧಾನ ಇವತ್ತಿಗೂ ಬಂದಿಲ್ಲ. ಈಗ ಅವರು ಮಗನನ್ನು ಬೈಯುವುದಿಲ್ಲ. ಯಾರನ್ನೂ ಬೈಯುವುದಿಲ್ಲ. ಮಾತೇ ಕಡಿಮೆ.

ನಾನು ತರಬೇತಿ ಮುಗಿಸಿದೆ. ಬರೆಯುವ ಪರೀಕ್ಷೆ, ಕೈಕೆಲಸದ ಪರೀಕ್ಷೆ ಎರಡರಲ್ಲೂ ಪಾಸಾದೆ. ಮಂಡ್ಯದ ಮನೆಗಳಲ್ಲಿ ಒಳಗಿನ ಗೋಡೆಗಳ ಕೆಲಸ ಸಿಗುತ್ತದೆ. ಹೊರಗಡೆ ಗಂಡಸರು ಹಲಗೆ ಇಳಿಬಿಡುವುದನ್ನು ಕಂಡರೆ ತಾರಸಿಗೆ ಹತ್ತಿ ಅಂಚು ನೋಡುತ್ತೇನೆ. ಕೆಲವರು ಚೀಲ ಹಾಕಿಸಿಕೊಳ್ಳುತ್ತಾರೆ. ಕೆಲವರು, "ನೀನ್ ನಿನ್ ಕೆಲ್ಸ ನೋಡ್ಕೊಳಮ್ಮ" ಅನ್ನುತ್ತಾರೆ. ಬೆಲ್ಟು ಮಾತ್ರ ನಾನು ಇದುವರೆಗೆ ಯಾರ ಸೊಂಟದಲ್ಲೂ ಕಂಡಿಲ್ಲ.

ಅಣ್ಣ ಬ್ರಷ್ಷು ಬಿಟ್ಟ. ಈಗ ಮದ್ದೂರಿನ ಮಾರುಕಟ್ಟೆಗೆ ಎಳನೀರು ಸಾಗಿಸುವ ಗಾಡಿ ಓಡಿಸುತ್ತಾನೆ. ರಸ್ತೆಯಲ್ಲಿ ನಾನು ಬಸ್ಸಿಗೆ ಕಾಯುವುದು ಕಂಡರೆ ಗಾಡಿ ನಿಲ್ಲಿಸುತ್ತಾನೆ. ನಾನು ಹತ್ತಿ ಪಕ್ಕದಲ್ಲಿ ಕೂರುತ್ತೇನೆ. ಊರು ಬರುವವರೆಗೆ ಅವನೂ ಮಾತಾಡುವುದಿಲ್ಲ, ನಾನೂ ಮಾತಾಡುವುದಿಲ್ಲ.