ಖಾಲಿ ಕ್ಯಾಮೆರಾದ ಮುಂದೆ ನಿಂತವರು

ಕಾಗಿಣಾ ಹೊಳೆಯ ದಂಡೆಯ ಮೇಲೆ ನಾನು ಎಷ್ಟೋ ಜನರ ಫೋಟೋ ತೆಗೆದಿದ್ದೇನೆ — ಕ್ಯಾಮೆರಾದಲ್ಲಿ ರೀಲು ಇಲ್ಲದೆ. ಅವರಿಗೆ ಅದು ಗೊತ್ತಿರಲಿಲ್ಲ, ನನಗೆ ಗೊತ್ತಿತ್ತು. ಮರೆತು ಮಾಡಿದ್ದಲ್ಲ, ಬೇಕೆಂದೇ ಮಾಡಿದ್ದು. ಅದು ಜಾಣತನವೆಂದು ಬಹಳ ದಿನ ಬೀಗಿದವನೂ ನಾನೇ.

ಆಗ ನಾನು ಚಿತ್ತಾಪುರದ ಶಾಲೆಯೊಂದರಲ್ಲಿ ಡ್ರಾಯಿಂಗ್ ಮಾಸ್ತರ. ರಾಜ್ಯಕ್ಕೆ ಇನ್ನೂ ಮೈಸೂರೆಂದೇ ಹೆಸರು. ಹೈದರಾಬಾದಿನಲ್ಲಿ ಹಳೆಯದೊಂದು ಡಬ್ಬಿ ಕ್ಯಾಮೆರಾ ಕೊಂಡು ತಂದಿದ್ದೆ. ಎದೆಯ ಹತ್ತಿರ ಹಿಡಿದು, ಮೇಲಿನ ಸಣ್ಣ ಗಾಜಿನಲ್ಲಿ ಬಗ್ಗಿ ನೋಡಬೇಕು. ಎದುರಿನದೆಲ್ಲ ಅಂಗೈಯಗಲದಲ್ಲಿ ಬಂದು ಕೂತಿರುತ್ತದೆ. ಭಾನುವಾರವಾದರೆ ಸೈಕಲ್ಲು ಹತ್ತಿ ಹೊಳೆಯ ಮಗ್ಗುಲಿನ ದಂಡೋತಿಗೆ. ಕಡಲನ್ನು ಕ್ಯಾಲೆಂಡರಿನಲ್ಲಿ ಮಾತ್ರ ಕಂಡವನು ನಾನು, ನನಗೆ ದಂಡೆ ಎಂದರೆ ಅದೇ. ಉಸುಕಿನ ಮೇಲೆ ಹಕ್ಕಿಯ ಹೆಜ್ಜೆ ಎಲ್ಲಿಯವರೆಗೆ ಹೋಗುತ್ತದೆ, ಹಾಸುಗಲ್ಲಿನ ಸಂದಿಯಿಂದ ನೀರು ಹೇಗೆ ಹಾದಿ ಮಾಡಿಕೊಳ್ಳುತ್ತದೆ, ಮುಂದಿನ ತಿರುವಿನಾಚೆ ಏನಿದೆ — ಎಲ್ಲವನ್ನೂ ನೋಡಬೇಕು. ಊಟದ ನೆನಪೂ ಆಗುತ್ತಿರಲಿಲ್ಲ.

ತೊಡಕೊಂದೇ, ಜನ. ಕ್ಯಾಮೆರಾ ಕಂಡ ಕೂಡಲೇ ಬಟ್ಟೆ ಒಗೆಯುವವರು ಒಗೆಯುವುದನ್ನು ಬಿಟ್ಟು, ಎಮ್ಮೆ ತೊಳೆಯುವವರು ಎಮ್ಮೆ ಬಿಟ್ಟು ಬಂದು ಕೈ ನೇರ ಇಟ್ಟುಕೊಂಡು ಕಂಬದ ಹಾಗೆ ನಿಲ್ಲುತ್ತಿದ್ದರು. ರೀಲಿಗೆ ಹನ್ನೆರಡೇ ಚಿತ್ರ. ಈ ಕಂಬಗಳಿಗೆ ಅದನ್ನು ಸುರಿಯಲೇ? ಅದಕ್ಕೊಂದು ಉಪಾಯ ಹೂಡಿದೆ. ಮೊದಲು ಖಾಲಿ ಡಬ್ಬಿಯಿಂದಲೇ ಎಲ್ಲರನ್ನೂ ಸಾಲಾಗಿ ನಿಲ್ಲಿಸಿ ಟಕ್ ಟಕ್ ಎನ್ನಿಸುವುದು. ಸಮಾಧಾನವಾಗಿ ಅವರು ಕೆಲಸಕ್ಕೆ ಮರಳಿದ ಮೇಲೆ ಜಾಲಿ ಮರದ ನೆರಳಲ್ಲಿ ಕೂತು ರೀಲು ಹಾಕಿ, ನನಗೆ ಬೇಕಾದ ಚಿತ್ರ ತೆಗೆಯುವುದು. ಮುಂದಿನ ವಾರ "ಮಾಸ್ತರ್ರ, ನಮ್ಮ ಫೋಟೋ ಎಲ್ಲೈತ್ರಿ?" ಎಂದು ಯಾರಾದರೂ ಕೇಳಿದರೆ ಉತ್ತರ ನಾಲಿಗೆಯ ತುದಿಯಲ್ಲೇ ಇತ್ತು: ನೀವು ಕಣ್ಣು ಮುಚ್ಚಿದ್ರಿ. ನೀವು ಅಳ್ಳಾಡಿದ್ರಿ. ಅವರು ನಕ್ಕು ತಮ್ಮನ್ನೇ ಬೈದುಕೊಂಡು ಹೋಗುತ್ತಿದ್ದರು. ತಪ್ಪನ್ನು ಅವರ ತಲೆಗೇ ಕಟ್ಟಬೇಕೆಂದು ನನಗೆ ಯಾಕೆ ತೋಚಿತು? ರೀಲು ಕೆಟ್ಟಿತು ಎನ್ನಬಹುದಿತ್ತಲ್ಲ — ಒಳ್ಳೆಯ ಫೋಟೋಗ್ರಾಫರ್ ಎನ್ನುವ ಹೆಸರು ಕೆಡಬಾರದಿತ್ತು, ಅಷ್ಟೇ.

ಒಂದು ಬೇಸಿಗೆ, ಹೊಳೆ ಬತ್ತಿ ಉಸುಕು ತೆರೆದಾಗ, ಇಮಾಮಸಾಬ್ ಮತ್ತು ಅವರ ಹೆಂಡತಿ ಖಾಜಾಬಿ ಅಲ್ಲಿ ಕಲ್ಲಂಗಡಿ ಬಳ್ಳಿ ಹಬ್ಬಿಸಿದ್ದರು. ಪಕ್ಕದಲ್ಲೇ ಸಣ್ಣ ಗುಡಿಸಲು. ಇಮಾಮಸಾಬರ ಮಾತು ಕಡಿಮೆ. ಖಾಜಾಬಿಗೆ ಮಾತ್ರ ನನ್ನಷ್ಟೇ, ನನಗಿಂತ ಒಂದು ಕೈ ಹೆಚ್ಚೇ, ಕುತೂಹಲ. ಫೋಟೋ ಎಂದ ಕೂಡಲೇ ಆಕೆ ಗುಡಿಸಲಿಗೆ ಹೋಗಿ ಹಸಿರು ಸೀರೆ ಉಟ್ಟು ಬಂದಳು, ಗಂಡನಿಗೆ ಮುಖ ತೊಳೆಸಿ ರುಮಾಲು ಸುತ್ತಿಸಿದಳು. ನಿಲ್ಲುವ ಮೊದಲು ತಾನೊಮ್ಮೆ ಗಾಜಿನಲ್ಲಿ ನೋಡಬೇಕೆಂದಳು. ಇಮಾಮಸಾಬರು ಬಳ್ಳಿಯ ಆಚೆ ನಡೆಯುತ್ತಿದ್ದರು.

"ಮಾಸ್ತರ್ರ, ಅವರು ಹಿಂಗ ಹೊಂಟಾರ, ಗಾಜಿನ್ಯಾಗ ಹಂಗ ಹೊಂಟಾರ. ಯಾಕ್ರಿ?"

ಎಡಬಲವನ್ನು ಅದಲುಬದಲು ಮಾಡುವ ಒಳಗಿನ ಕನ್ನಡಿಯ ಕತೆಯನ್ನು ವಿವರವಾಗಿ ಹೇಳಿದೆ. ಅಂದು ಆಕೆಗೆ ನಾನು ಹೇಳಿದ್ದರಲ್ಲಿ ನಿಜ ಅದೊಂದೇ. ಆಮೇಲೆ ಆಕೆ ಗಂಡನ ಪಕ್ಕ ನಿಂತಳು. ಅವರೇನೋ ಪಿಸುಗುಟ್ಟಿದರು, ಆಕೆಗೆ ನಗು ತಡೆಯಲಾಗಲಿಲ್ಲ. ಟಕ್ ಎನ್ನಿಸಿದೆ — ಖಾಲಿ ಡಬ್ಬಿ. ಆಮೇಲೆ ರೀಲು ಹಾಕಿ ಹನ್ನೆರಡು ಚಿತ್ರ ತೆಗೆದೆ. ಬಳ್ಳಿ ಬಂತು, ಹಣ್ಣಿನ ಗುಡ್ಡೆ ಬಂತು, ಕೊಕ್ಕರೆ ಬಂತು. ಹಣ್ಣಿನ ಚಿತ್ರವನ್ನು ನೋಡಿದವರೆಲ್ಲ ಹೊಗಳಿದರು.

ಆ ಮಳೆಗಾಲದಲ್ಲಿ ಇಮಾಮಸಾಬರು ಜ್ವರದಿಂದ ತೀರಿಕೊಂಡರು. ನನಗೆ ತಿಳಿದದ್ದು ಖಾಜಾಬಿ ನಮ್ಮ ಶಾಲೆಯ ಬಾಗಿಲಿಗೆ ಬಂದಾಗ. ಸೊಂಟದ ಮೇಲೆ ಮಗಳು. ನಾಲ್ಕು ತಾಸು ನಡೆದು ಬಂದಿದ್ದಳು.

"ಅವರು ಹೋದ್ರು ಮಾಸ್ತರ್ರ. ಅವರದು ಬ್ಯಾರೆ ಫೋಟೋ ಇಲ್ಲ. ಹೊಳ್ಯಾಗ ತಗದಿದ್ರಲ್ಲ, ಅದೊಂದ ಕೊಡ್ರಿ."

ಅಂದು ನಿಜ ಹೇಳಬಹುದಿತ್ತು. ಕಾಲು ಹಿಡಿಯಬಹುದಿತ್ತು. ಪಕ್ಕದಲ್ಲಿ ಇನ್ನಿಬ್ಬರು ಮಾಸ್ತರರು ನಿಂತು ನೋಡುತ್ತಿದ್ದರು, ಮತ್ತು ನನ್ನ ನಾಲಿಗೆ ರೂಢಿಯಂತೆ ಹೊರಳಿತು.

"ಅದು ಬರ್ಲಿಲ್ಲ ಖಾಜಾಬಿ. ನೀವು ನಕ್ಕಿರಿ, ಅಳ್ಳಾಡಿದ್ರಿ."

ಆಕೆ ಅಳಲಿಲ್ಲ. "ಹೌದ್ರಿ, ನಕ್ಕೀನಿ" ಎಂದಷ್ಟೇ ಹೇಳಿ ಹೋದಳು. ನಾನು ತರಗತಿಗೆ ಹೋಗಿ ಮಕ್ಕಳಿಗೆ ಹೂಜಿಯ ಚಿತ್ರ ಬಿಡಿಸುವುದನ್ನು ಕಲಿಸಿದೆ.

ವರ್ಷಗಳು ಕಳೆದವು. ಸೊಂಟದ ಮೇಲಿದ್ದ ಆ ಮಗಳ ಮದುವೆಗೆ ದಂಡೋತಿಯ ಗೆಳೆಯರೊಬ್ಬರು ನನ್ನನ್ನೂ ಕರೆದೊಯ್ದರು. ನಿಕಾಹ್ ಮುಗಿದು, ಶಹಾಬಾದಿನಿಂದ ಬಂದ ಫೋಟೋದವನು ಮನೆಯವರನ್ನೆಲ್ಲ ಕೂರಿಸುತ್ತಿದ್ದ. ಮಗಳು ತಾಯಿಯನ್ನು ಕೈ ಹಿಡಿದು ಎಳೆದಳು. ಖಾಜಾಬಿ ಬಾಗಿಲ ಚೌಕಟ್ಟು ಬಿಟ್ಟು ಕದಲಲಿಲ್ಲ.

"ನಾ ಬ್ಯಾಡ ಬೇಟಾ. ನನಗ ಅಳ್ಳಾಡದಂಗ ನಿಂದ್ರಾಕ ಬರಂಗಿಲ್ಲ. ನಿಮ್ಮಪ್ಪಂದು ಒಂದೇ ಫೋಟೋ ಇತ್ತು, ನಾನೇ ಕೆಡಿಸೀನಿ. ನಿಂದೂ ಕೆಡ್ತದ."

ಹತ್ತು ಹೆಜ್ಜೆ ದೂರದಲ್ಲಿ ನಾನು ಕೈಯಲ್ಲಿ ಬಿರಿಯಾನಿ ತಟ್ಟೆ ಹಿಡಿದು ಕೂತಿದ್ದೆ. ಅಲ್ಲಿಯೂ ಬಾಯಿ ಬಿಡಲಿಲ್ಲ — ಇದನ್ನು ಬರೆಯುವಾಗ ಅತಿ ಹೆಚ್ಚು ನಾಚಿಕೆಯಾಗುವುದು ಇಲ್ಲಿಯೇ. ಖಾಲಿ ಡಬ್ಬಿ ಎಳೆತನದ ಸೊಕ್ಕು ಎನ್ನಬಹುದು. ಮದುವೆಯ ದಿನದ ಮೌನಕ್ಕೆ ಏನು ಹೆಸರು? ತಾಯಿಯಿಲ್ಲದ ಫೋಟೋ ಒಂದು ಆ ಮಗಳ ಮನೆಯಲ್ಲಿ ಈಗಲೂ ಇದೆ.

ಹದಿನೈದು ದಿನ ತಡೆದುಕೊಂಡೆ. ಆಮೇಲೆ ಹೋದೆ. ಖಾಜಾಬಿ ಅಂಗಳದಲ್ಲಿ ತೊಗರಿ ಕೇರುತ್ತಿದ್ದಳು. "ಕುಂದ್ರಿ ಮಾಸ್ತರ್ರ" ಎಂದಳು. ಕೂರದೆ ನಿಂತೇ ಹೇಳಿದೆ — ರೀಲು, ಜಾಲಿ ಮರ, ಟಕ್ ಎಂದ ಶಬ್ದ, ಶಾಲೆಯ ಬಾಗಿಲಲ್ಲಿ ಹೇಳಿದ ಸುಳ್ಳು, ಎಲ್ಲ. ಆಕೆ ಮೊರ ಕೆಳಗಿಟ್ಟಳು.

"ಹಂಗಾರ ಆ ಡಬ್ಬಿಯೊಳಗ ನಾವು ಹೋಗಿದ್ದೇ ಇಲ್ಲ?"

"ಇಲ್ಲ."

"ನಾ ನಕ್ಕಿದ್ದಕ್ಕಲ್ಲ?"

"ಅಲ್ಲ. ನೀವು ಕಲ್ಲಿನಂಗ ನಿಂತಿದ್ರೂ ಅದು ಬರ್ತಿರಲಿಲ್ಲ."

ಬೈದರೆ ಸಾಕೆಂದು ಕಾಯುತ್ತಿದ್ದೆ. ಕೊನೆಗೆ ಆಕೆ ಕೇಳಿದ್ದು ನಾನು ಒಮ್ಮೆಯೂ ನನ್ನನ್ನು ಕೇಳಿಕೊಳ್ಳದ ಪ್ರಶ್ನೆ.

"ಹಿಂಗ ಇನ್ನ ಎಷ್ಟ್ ಮಂದೀಗಿ ಮಾಡೀರಿ?"

"ಗೊತ್ತಿಲ್ಲ ಖಾಜಾಬಿ. ಭಾಳ ಮಂದೀಗಿ."

"ಅವರ ಮನ್ಯಾಗೂ ಯಾರರೆ ಸತ್ತಿರ್ತಾರ. ತಮ್ಮದೇ ತಪ್ಪು ಅಂತ ಯಾರರೆ ಕುಂತಿರ್ತಾರ. ಹೋಗಿ ಹೇಳ್ರಿ" ಎಂದಳು. ಕ್ಷಮಿಸಿದೆ ಎನ್ನಲಿಲ್ಲ. ಕೇಳುವ ಮುಖ ನನಗೂ ಇರಲಿಲ್ಲ.

ಹೇಳಲು ಹೊರಟಿದ್ದೇನೆ. ಕೆಲವರ ಮನೆ ಸಿಕ್ಕಿತು. ಕೆಲವರು ಕೂಲಿಗೆ ಊರು ಬಿಟ್ಟಿದ್ದಾರೆ. ಎಷ್ಟೋ ಜನರ ಹೆಸರನ್ನೇ ನಾನು ಕೇಳಿಟ್ಟುಕೊಂಡಿರಲಿಲ್ಲ. ಅವರಿಗಾಗಿ ಇದನ್ನು ಬರೆದಿದ್ದೇನೆ. ದಂಡೋತಿಯ ಹೊಳೆಯಲ್ಲಿ ಎಂದಾದರೂ ಒಬ್ಬ ಡ್ರಾಯಿಂಗ್ ಮಾಸ್ತರನ ಮುಂದೆ ನೀವು, ನಿಮ್ಮವರು ನಿಂತಿದ್ದರೆ — ನೀವು ಕಣ್ಣು ಮುಚ್ಚಲಿಲ್ಲ, ಅಲುಗಾಡಲಿಲ್ಲ. ನಿಮ್ಮ ಫೋಟೋ ಕೆಡಲಿಲ್ಲ. ನಾನು ತೆಗೆಯಲೇ ಇಲ್ಲ.